ಅವ್ವನಿಗೆ ಹಚ್ಚದ ‘ರಿ’

ಅಥವಾ ನಾನು ಎದ್ದು ನಿಂತೇ ಇರಲಿಲ್ಲವೇನೋ. ಇಷ್ಟು ವರ್ಷ ನಿಂತೆ ಎಂದೇ ಹೇಳಿಕೊಂಡು ಬಂದಿದ್ದೇನೆ. ಹೇಳಿದ ಪ್ರತಿ ಸಲವೂ ನಾನಾಗಿದ್ದ ಆ ಹುಡುಗಿಯ ದನಿ ಇನ್ನಷ್ಟು ಗಟ್ಟಿಯಾಗಿದೆ. ಅದೇ ನನಗೆ ಸಂಶಯ.

ಮಿಶ್ರಿಕೋಟಿಯ ಶಾಲೆ, ಏಳನೆಯ ತರಗತಿ. ಕನ್ನಡ ಮಾಸ್ತರರು ಹಲಗೆಯ ಮೇಲೆ ‘ಮಾನ’ ಎಂದು ಬರೆದು, ಮೊದಲಿಗೆ ‘ಅವ’ ಹಚ್ಚಿ ಅವಮಾನ ಮಾಡಿ ತೋರಿಸುತ್ತಿದ್ದರು. ಒಂದು ಚೂರು ಹಚ್ಚಿದರೆ ಸಾಕು, ಶಬ್ದದ ಹಣೆಬರಹವೇ ಬದಲಾಗುತ್ತದೆ ಎಂದರು. ಅಷ್ಟರಲ್ಲಿ, ಯಾವುದೋ ಅರ್ಜಿಯ ಸಹಿಗೆಂದು ಕರೆಸಿದ್ದ ಇಬ್ಬರು ತಾಯಂದಿರು ಬಾಗಿಲಿಗೆ ಬಂದರು. ಒಬ್ಬರು ಊರಿನ ದೊಡ್ಡ ಮನೆಯವರು. ಇನ್ನೊಬ್ಬಳು ನನ್ನವ್ವ, ಆ ಮನೆಯವರ ಹೊಲದಲ್ಲೇ ಕಳೆ ತೆಗೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದವಳು.

“ಬರ್ರಿ ಅಕ್ಕಾರ, ಕೂಡ್ರಿ,” ಎಂದು ಮಾಸ್ತರರು ತಮ್ಮ ಕುರ್ಚಿಯನ್ನೇ ಸರಿಸಿದರು. ಅವ್ವನಿಗೆ, “ನೀ ಅಲ್ಲೇ ನಿಂದ್ರಬೇ. ಕಾಲಾಗ ಕೆಸರದ.”

ಮಳೆಗಾಲ. ಇಬ್ಬರ ಕಾಲಲ್ಲೂ ಕೆಸರಿತ್ತು.

ಮನೆಯಲ್ಲಿ ನಾನೂ ಅವ್ವನಿಗೆ ‘ಬೇ’ ಎನ್ನುತ್ತೇನೆ, ಹಸಿದಾಗ, ಸಿಟ್ಟು ಬಂದಾಗ. ಅದು ನನ್ನ ಸಲಿಗೆ. ಮಾಸ್ತರರಿಗೆ ಆ ಸಲಿಗೆ ಕೊಟ್ಟವರು ಯಾರು?

ನಾನು ಎದ್ದು ನಿಂತು, “ಸರ, ನಮ್ಮವ್ವಗೂ ಬರ್ರಿ ಅನ್ರಿ,” ಎಂದೆ. ಇದು ನಾನು ಹೇಳುವ ಕಥೆ.

ಹೋದ ತಿಂಗಳು ಕಲಘಟಗಿಯ ಬಸ್ ಸ್ಟ್ಯಾಂಡಿನಲ್ಲಿ ನನಗೂ ಅವ್ವನಿಗೂ ಅದೇ ಮಾಸ್ತರರು ಸಿಕ್ಕರು. ನಾನೀಗ ಕಾಲೇಜಿನಲ್ಲಿ ಪಾಠ ಹೇಳುತ್ತೇನೆಂದು ಅವರಿಗೆ ಗೊತ್ತು.

“ಅರಾಮ ಅದೀರೇನ್ರಿ ಸರ?” ಅವ್ವನೇ ಮೊದಲು ಕೇಳಿದಳು.

“ಹೂಂ. ಎಲ್ಲಿಗಿ ಹೊಂಟೀಬೇ?” ಎಂದವರು, ಅದೇ ಉಸಿರಿನಲ್ಲಿ ನನ್ನತ್ತ ತಿರುಗಿದರು. “ನೀವು ಯಾವಾಗ ಬಂದ್ರಿ? ಮನಿಗಿ ಬರ್ರಲ್ಲಾ ಒಮ್ಮೆ.”

ನನ್ನ ಸಂಬಳಕ್ಕೆ ‘ರಿ’. ಅವಳ ವಯಸ್ಸಿಗೆ ಇಲ್ಲ, ಬೆನ್ನು ಬಾಗುವವರೆಗೆ ದುಡಿದದ್ದಕ್ಕೆ ಇಲ್ಲ. ನನ್ನ ಬಾಯಿಂದ ಬಂದದ್ದು, “ಬರ್ತೀನ್ರಿ ಸರ.”

ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ: “ಅವತ್ತ ಸಾಲ್ಯಾಗ ನಾ ಎದ್ದ ನಿಂತು ಹೇಳಿದ್ನಲ್ಲಬೇ?”

“ನೀ ಎಲ್ಲಿ ಹೇಳಿದಿ? ತೆಳಗ ಮಾರಿ ಹಾಕ್ಕೊಂಡ ಕುಂತಿದ್ದಿ.” ಅವ್ವ ಕಿಟಕಿಯ ಕಡೆ ತಿರುಗಿದಳು. “ಛಲೋ ಆತ ಬಿಡವಾ. ಹೇಳಿದ್ರ ನಾಳಿಗಿ ಆ ಹೊಲಕ್ಕ ನಾ ಹೆಂಗ ಹೋಗ್ತಿದ್ನಿ?”

ಬಸ್ ಸ್ಟ್ಯಾಂಡಿನಲ್ಲಿ ‘ಬರ್ತೀನ್ರಿ ಸರ’ ಎಂದದ್ದು ಖಚಿತ. ಏಳನೆಯ ತರಗತಿಯಲ್ಲಿ ಎದ್ದು ನಿಂತಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ.