ಬೆನ್ನು ಹಾಕಿ ಹೋಗುವ ದೋಣಿ

ಮೊನ್ನೆ ಅರಸೀಕೆರೆಯ ನಮ್ಮ ಬೀದಿಯಲ್ಲಿ ಬಡಗಿಯೊಬ್ಬ ಹಳೆಯ ಬಾಗಿಲಿಗೆ ಗೆದ್ದಲು ಹಿಡಿಯದಂತೆ ಹೊಂಗೆ ಎಣ್ಣೆ ಬಳಿಯುತ್ತಿದ್ದ. ಆ ಕಹಿ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಹೆದರಿ ಕಿಟಕಿ ಮುಚ್ಚಿಬಿಟ್ಟೆ. ಎಪ್ಪತ್ತು ದಾಟಿದವಳು ಎಣ್ಣೆ ವಾಸನೆಗೆ ಹೆದರುವುದೇ ಎಂದು ಮೊಮ್ಮಗಳು ನಕ್ಕಳು. ನಗಲಿ. ಹಳೇಬೀಡಿನ ಕೆರೆ ಕೋಡಿ ಹರಿಯುವುದನ್ನು ತೆಪ್ಪದ ಮೇಲೆ ಕೂತು ನೋಡಿದವಳಲ್ಲ ಅವಳು.

ನಾನು ಬಾಣಾವರದ ಹುಡುಗಿ. ರೈಲು ನೋಡಿ ಬೆಳೆದವಳು, ಮೊಣಕಾಲುದ್ದಕ್ಕಿಂತ ಹೆಚ್ಚಿನ ನೀರಿಗೆ ಇಳಿದವಳಲ್ಲ. ಮದುವೆಯಾಗಿ ಹಳೇಬೀಡಿಗೆ ಬಂದಾಗ ಪಕ್ಕದ ಮನೆಯಲ್ಲಿ ಒಬ್ಬ ತಾತ ಇದ್ದರು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ, ಮೈಸೂರಿನ ಯಾರೋ ದೊಡ್ಡ ಅಧಿಕಾರಿಗೆ ಅಡುಗೆ ಮಾಡಿ ಹಾಕಲು ಜೊತೆಗೇ ಹಡಗು ಹತ್ತಿ ಯೂರೋಪಿಗೆ ಹೋಗಿಬಂದವರು. ಅಲ್ಲಿ ಒಂದು ಸರೋವರದ ದಡದಲ್ಲಿ ನಿಂತು, ದೇಶದೇಶಗಳ ಗಂಡಸರು ದೋಣಿಗೆ ಹುಟ್ಟು ಹಾಕುವ ಚಾಂಪಿಯನ್‌ಷಿಪ್ ನೋಡಿದ್ದರಂತೆ. ಆ ಕಡೆಯ ಊಟ, ಚಳಿ, ಏನು ಕೇಳಿದರೂ ಅವರ ಮಾತು ಆ ದೋಣಿಗೇ ಬಂದು ನಿಲ್ಲುತ್ತಿತ್ತು. ಯಾರು ಗೆದ್ದರು ಎಂಬುದು ಮಾತ್ರ ಮರೆತೇಹೋಗಿತ್ತು...

"ಎಂಟು ಜನ ಕಣಮ್ಮ, ಹೋಗೋ ದಿಕ್ಕಿಗೆ ಬೆನ್ನು ಹಾಕಿ ಕೂತಿರ್ತಾರೆ. ಎದುರಿಗೆ ಒಬ್ಬ ಪುಟ್ಟ ಆಸಾಮಿ. ದಾರಿ ಕಾಣೋದು ಅವನೊಬ್ಬನಿಗೇ. ಮಿಕ್ಕೋರು ಅವನ ಮುಖ ನೋಡ್ಕೊಂಡು ಎಳೀತಾರೆ. ಅವನ ಮುಖ ಬಿಳಿಚ್ಕೊಂಡ್ರೆ ದೋಣಿ ಕೆಟ್ಟಿತು ಅಂತ್ಲೇ!"

ಆ ವರ್ಷ ಕೆರೆ ತುಂಬಿ ಕೋಡಿ ಹರಿಯಿತು. ತುಂಬಿದ ಕೆರೆಗೆ ಬಾಗಿನ ಕೊಡಬೇಕಲ್ಲ, ಡ್ರಮ್ಮುಗಳ ಮೇಲೆ ಹಲಗೆ ಬಿಗಿದು ತೆಪ್ಪ ಕಟ್ಟಿದರು. ಗಳ ಊರಿ ನೂಕುವುದು ಊರಿನ ರೂಢಿ. ಈ ಆಳಕ್ಕೆ ಗಳ ಎಟುಕುವುದಿಲ್ಲ ಎಂದು ತಾತ ಹಟ ಹಿಡಿದು ಹುಟ್ಟುಗಳನ್ನು ಮಾಡಿಸಿ, ಅವಕ್ಕೆ ಹೊಂಗೆ ಎಣ್ಣೆ ಕುಡಿಸಿದರು. ನಮ್ಮ ಯಜಮಾನರೂ ಅವರ ಮೂವರು ಗೆಳೆಯರೂ ತಾತನ ಜಗಲಿಯ ಮೇಲೆ ಸಾಲಾಗಿ ಕೂತು, ಗಾಳಿಯಲ್ಲಿ ಹುಟ್ಟು ಹಾಕಿ ಕಲಿತರು. ಬೀದಿಯವರೆಲ್ಲ ನಕ್ಕದ್ದೇ ನಕ್ಕದ್ದು. ನಾನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಬಾಗಿನದ ದಿನ ಹೊಸ ಸೊಸೆಯೆಂದು ನನ್ನನ್ನೂ ತೆಪ್ಪಕ್ಕೆ ಹತ್ತಿಸಿದರು. ನಡುನೀರಿನಲ್ಲಿ ಅತ್ತೆಯೂ ನಾನೂ ಮೊರದ ಬಾಗಿನ ಬಿಟ್ಟೆವು. ಬಿಟ್ಟ ಮೇಲೆ ತಿರುಗಿ ನೋಡಬಾರದು ಎಂಬುದು ಅತ್ತೆಯ ಮನೆತನದ ಕಟ್ಟುಪಾಡು. ಹೆಂಗಸರು ದಡದ ಕಡೆ ಮುಖ ಮಾಡಿ ಕೂತೆವು. ತಾತ ನಮ್ಮ ಹಿಂದೆ, ತೆಪ್ಪದ ತುದಿಯಲ್ಲಿ, ದಡದ ದಾರಿ ನೋಡುತ್ತ ಕೂತಿದ್ದರು. ಆದರೆ ಹುಟ್ಟು ಹಾಕುವವರು? ತಾತ ಕಲಿಸಿದಂತೆ ದಡಕ್ಕೆ ಬೆನ್ನು ಹಾಕಿ ಕೂತವರ ಕಣ್ಣೆದುರಿಗೇ ಬಾಗಿನ ತೇಲುತ್ತಿತ್ತು! ಇದು ಮೊದಲೇ ಯಾರಿಗೂ ಹೊಳೆದಿರಲಿಲ್ಲ.

"ಅತ್ಲಾಗೆ ನೋಡ್ಬ್ಯಾಡ್ರಲಾ, ಕಣ್ ಮುಚ್ಕಳ್ರಿ!" ಎಂದು ಅತ್ತೆ ಕೂಗಿದರು. ಗಂಗಮ್ಮನ ಭಯ ಯಾರಿಗಿಲ್ಲ? ನಾಲ್ವರೂ ಕಣ್ಣು ಮುಚ್ಚಿದರು.

ಮುಚ್ಚಿದ್ದೇ ಹುಟ್ಟಿಗೆ ಹುಟ್ಟು ಬಡಿಯಿತು. ತೆಪ್ಪ ವಾಲಿಕೊಂಡು ಕೋಡಿಯ ಕಡೆಗೆ ಜಾರತೊಡಗಿತು. ನೀರಿನ ಭೋರ್ಗರೆತ ಹತ್ತಿರವಾಯಿತು. ಅಲ್ಲಿಂದ ಕೆಳಗೆ ಬಿದ್ದರೆ ಬರೀ ಬಂಡೆ. ಸತ್ತೆವು ಎಂದುಕೊಂಡೆ.

ಹಿಂದಿನಿಂದ ತಾತನ ದನಿ ಕೇಳಿಸಿತು. "ಕಣ್ಣು ಬಿಡ್ಬೇಡ್ರೋ! ನಾನಿದೀನಿ. ಬಲಗಡೆಯೋರು ನಿಲ್ಸಿ. ಎಡಗಡೆಯೋರು ಎಳೀರಿ... ಎಳೀರಿ..." ಅಡುಗೆಮನೆಯಲ್ಲಿ ಉಪ್ಪು ಕೇಳುವಂಥ ದನಿ. ಅಂಥ ಧೈರ್ಯಸ್ಥರ ಮುಖ ಒಮ್ಮೆ ನೋಡಿದರೆ ನನಗೂ ಜೀವ ಬಂದೀತು ಎಂದು ತಿರುಗಿಬಿಟ್ಟೆ.

ಆ ಮುಖದಲ್ಲಿ ರಕ್ತವೇ ಇರಲಿಲ್ಲ. ಗದ್ದ ನಡುಗುತ್ತಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು. ನನ್ನನ್ನು ಕಂಡು, ಹೇಳಬೇಡ ಎನ್ನುವಂತೆ ತಲೆಯಾಡಿಸಿದರು. ದನಿ ಮಾತ್ರ ಅಳುಕಲಿಲ್ಲ. "ಇನ್ನೇನು ದಡ ಬಂತು. ಎಳೀರಿ..."

ದಡ ಇನ್ನೂ ಎಷ್ಟೋ ದೂರವಿತ್ತು. ಹೇಗೋ ಕೊನೆಗೆ ಬಂತು.

ಮಾರನೆಯ ದಿನ ತಾತ ಹುಟ್ಟುಗಳನ್ನು ಒಡೆದು ನೀರೊಲೆಗೆ ಹಾಕಿದರು. ಬೀದಿಯೆಲ್ಲ ಹೊಂಗೆ ಎಣ್ಣೆಯ ಹೊಗೆ. ಚಾಂಪಿಯನ್‌ಷಿಪ್ಪಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಕೆಲವು ವರ್ಷಕ್ಕೆ ತೀರಿಕೊಂಡರು... ನಮ್ಮ ಯಜಮಾನರು ಮಾತ್ರ "ತಾತ ಒಂಚೂರೂ ಹೆದರ್ಲಿಲ್ಲ ಕಣೇ" ಎಂದು ಬಂದವರೆದುರೆಲ್ಲ ಹೇಳುತ್ತಿದ್ದರು. ನಾನು ಹ್ಞೂಂ ಎನ್ನುತ್ತಿದ್ದೆ.

ಹೋದ ವರ್ಷ ಅವರು ಆಸ್ಪತ್ರೆಯಲ್ಲಿ ಕಣ್ಣು ಬಿಡಲೂ ಆಗದೆ ಮಲಗಿದ್ದಾಗ, "ಡಾಕ್ಟ್ರು ಏನಂದ್ರು?" ಎಂದು ಕೇಳಿದರು. ಡಾಕ್ಟರು ಹೇಳಿದ್ದನ್ನು ಕೇಳಿಬಂದ ನನ್ನ ಗದ್ದ ನಡುಗುತ್ತಿತ್ತು.

"ಇನ್ನೇನು ದಡ ಬಂತು ಕಣ್ರೀ," ಎಂದೆ. ದನಿ ಅಳುಕಲಿಲ್ಲ. ಅವರು ನನ್ನ ಕೈ ಹಿಡಿದುಕೊಂಡು ನಿದ್ದೆ ಹೋದರು. ಮತ್ತೆ ಮನೆಗೆ ಬರಲಿಲ್ಲ.

ಬಡಗಿ ಕೆಲಸ ಮುಗಿಸಿ ಹೋಗಿ ಎರಡು ದಿನವಾಯಿತು, ವಾಸನೆ ಇನ್ನೂ ಹೋಗಿಲ್ಲ. ಕಣ್ಣು ಮುಚ್ಚಿದರೆ ಕೋಡಿಯ ಸದ್ದು ಕೇಳಿಸುತ್ತದೆ, ಹೆದರಿಕೆಯಾಗುತ್ತದೆ. ಸುಳ್ಳಾದರೂ ಸರಿ, ದಡ ಬಂತು ಎಂದು ಹಿಂದಿನಿಂದ ಹೇಳುವವರು ಈಗ ಯಾರೂ ಇಲ್ಲ.