ಎರಡನೆಯ ಟ್ರೇಲರ್ ಬೇಕಾಗಿತ್ತೆ?

2023ರ ಮಾರ್ಚ್‌ನಲ್ಲಿ ನಾನು ಜಪಾನಿನ ಇಚಿಕಾವಾ ನಗರದ ಹೊರವಲಯದಲ್ಲಿ ಕ್ಯಾಂಪಿಂಗ್ ಕಾರುಗಳನ್ನು ಮಾರುವ, ದುರಸ್ತಿ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಸುರಕ್ಷತಾ ಎಂಜಿನಿಯರ್ ಆಗಿದ್ದೆ. ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿದವಳು. ಗಂಡನ ಕೆಲಸದ ನಿಮಿತ್ತ ಜಪಾನಿಗೆ ಬಂದು, ಭಾಷೆ ಕಲಿತು ಈ ಕೆಲಸಕ್ಕೆ ಸೇರಿದ್ದೆ. ನಮ್ಮಲ್ಲಿ ವಾಹನದ ಹಿಂದೆ ಟ್ರೇಲರ್ ಜೋಡಿಸಿ ರಸ್ತೆಗೆ ಬಿಡಬೇಕಾದರೆ ಕೊನೆಯ ಒಪ್ಪಿಗೆ ನನ್ನದು.

ಆ ತಿಂಗಳ ಮಧ್ಯದಲ್ಲಿ ತ್ಸುಕುಬಾದಿಂದ ಶ್ರೀನಾಥ್ ಎಂಬ ಸಂಶೋಧಕರು ಹೆಂಡತಿ ವಸುಧಾ ಮತ್ತು ಹದಿನೈದು ವರ್ಷದ ಮಗಳು ಅನ್ವಿತಾಳೊಂದಿಗೆ ಬಂದರು. ಶ್ರೀನಾಥರಿಗೆ ನೂರಾರು ಕಿಲೋಮೀಟರ್ ದೂರದ ಒಕಾಜಾಕಿಯಲ್ಲಿ ಹೊಸ ಹುದ್ದೆ ಸಿಕ್ಕಿತ್ತು. ಏಪ್ರಿಲ್‌ನಲ್ಲಿ ಅನ್ವಿತಾ ಅಲ್ಲಿನ ಶಾಲೆಗೆ ಸೇರಬೇಕು. ಸ್ನಾಯುಗಳು ಕ್ರಮೇಣ ದುರ್ಬಲವಾಗುವ ಕಾಯಿಲೆ ಅವಳಿಗೆ. ವಿದ್ಯುತ್ ಚಾಲಿತ ಗಾಲಿಕುರ್ಚಿಯಲ್ಲೇ ಓಡಾಟ.

ಅವರ ಕ್ಯಾಂಪಿಂಗ್ ಕಾರು ಹಿಂಬಾಗಿಲು ಅಗಲವಾಗಿದ್ದ ಒಂದು ವ್ಯಾನ್. ಅದರ ಹಿಂದೆ ಒಂದು ಮಲಗುವ ಟ್ರೇಲರ್. ಹೊಸ ಮನೆ ಸಿದ್ಧವಾಗುವವರೆಗೆ ಅದೇ ಅನ್ವಿತಾಳ ಕೋಣೆ. ಅವಳನ್ನು ಹಾಸಿಗೆಯಿಂದ ಎತ್ತಿ ಕೂರಿಸುವ ಯಂತ್ರವನ್ನು ಅದರೊಳಗೆ ಅಳವಡಿಸಿದ್ದರು. ಅದರ ಹಿಂದೆ ಇನ್ನೊಂದು ಪುಟ್ಟ ಟ್ರೇಲರ್ ಜೋಡಿಸಿ, ಗಾಲಿಕುರ್ಚಿಯನ್ನು ಅದರಲ್ಲಿ ಒಯ್ಯಬೇಕೆಂಬುದು ಶ್ರೀನಾಥರ ಯೋಜನೆ.

"ಮೇಡಂ, ನಾನು law ಓದ್ಕೊಂಡೇ ಬಂದಿದೀನಿ," ಎಂದರು ಅವರು. "ಕಾರಿನ ಹಿಂದೆ ಎರಡು ಎಳೀಬಹುದು ಅಂತ ಸ್ಪಷ್ಟವಾಗಿದೆ."

ಅವರು ಓದಿದ್ದು ಸುಳ್ಳಲ್ಲ. ಜಪಾನಿನ ಸಂಚಾರ ಕಾನೂನು ಎರಡು ವಾಹನಗಳವರೆಗೆ ಎಳೆಯಲು ಬಿಡುತ್ತದೆ. ಆದರೆ ರಸ್ತೆಯನ್ನು ಕಾಯುವ ನಿಯಮ ಬೇರೆಯೇ ಇದೆ: ಸಾಮಾನ್ಯವಾಗಿ ಒಟ್ಟು ಉದ್ದ ಹನ್ನೆರಡು ಮೀಟರ್ ದಾಟಿದರೆ ಮುಂಚಿತವಾಗಿ ವಿಶೇಷ ಅನುಮತಿ ಪಡೆಯಬೇಕು. ನಮ್ಮ ವರ್ಕ್‌ಶಾಪ್ ಮುಖ್ಯಸ್ಥ ತನಾಬೆ-ಸಾನ್ ಟೇಪು ಹಿಡಿದು ಅಳೆದರು. ಮೂರೂ ಸೇರಿ ಹನ್ನೆರಡೂ ಮುಕ್ಕಾಲು ಮೀಟರ್. ಅದಕ್ಕಿಂತ ದೊಡ್ಡ ತೊಡಕು ಹಿಚ್‌ನದು, ಅಂದರೆ ಟ್ರೇಲರನ್ನು ಸಿಕ್ಕಿಸುವ ಕೊಂಡಿಯದು. ಮಲಗುವ ಟ್ರೇಲರ್ ಇನ್ನೊಂದನ್ನು ಎಳೆಯಲೆಂದು ತಯಾರಾದದ್ದೇ ಅಲ್ಲ. ಅದರ ಬೆನ್ನಿಗೆ ಹಿಚ್ ಬೆಸೆದರೆ ಅಡಿಚೌಕಟ್ಟಿನ ಬಲ, ಬ್ರೇಕು, ದೀಪ ಎಲ್ಲವೂ ಮತ್ತೆ ತಪಾಸಣೆಯಾಗಬೇಕು. ಏಪ್ರಿಲ್‌ನೊಳಗೆ ಅದು ಆಗುವ ಮಾತಲ್ಲ.

"ಸುಮಿಮಾಸೆನ್, ಕ್ಷಮಿಸಿ, ನಾನು ಒಪ್ಪಿಗೆ ಕೊಡೋಕಾಗಲ್ಲ," ಎಂದೆ.

ಶ್ರೀನಾಥರ ಮುಖ ಕೆಂಪಾಯಿತು. "ನೀವು ಕೊಡದಿದ್ರೆ ಬೇರೆ ಕಡೆ ಹಿಚ್ ಹಾಕಿಸ್ಕೋತೀನಿ. ನಿಧಾನಕ್ಕೇ ಓಡಿಸ್ತೀನಿ. ನನ್ನ ಮಗಳ ವಿಷಯ ಇದು, ನಿಮಗೆ ಅರ್ಥ ಆಗಲ್ಲ."

ಗ್ರಾಹಕರ ಸಿಟ್ಟು ನನಗೆ ಹೊಸದಲ್ಲ. ಆದರೆ ಈ ಸಿಟ್ಟಿನ ಕೆಳಗೆ ಇದ್ದದ್ದು ಭಯ. ವರ್ಷದಿಂದ ವರ್ಷಕ್ಕೆ ಮಗಳ ಕೈಯ ಬಲ ಇಳಿಯುವುದನ್ನು ನೋಡುತ್ತಿದ್ದ ಮನುಷ್ಯ, ತನ್ನ ಹಿಡಿತದಲ್ಲಿರುವ ಒಂದನ್ನಾದರೂ ಸರಿಯಾಗಿ ಮಾಡಲು ಹೊರಟಿದ್ದರು. ಅವರನ್ನು ಹಾಗೆಯೇ ಕಳಿಸಿಬಿಡಲು ಮನಸ್ಸಾಗಲಿಲ್ಲ. ಟೀ ತರಿಸಿ, ಗಾಲಿಕುರ್ಚಿಯನ್ನು ವ್ಯಾನಿನೊಳಗೇ ಏಕೆ ಇಟ್ಟುಕೊಳ್ಳಬಾರದು ಎಂದು ಕೇಳಿದೆ.

"ಜಾಗ ಎಲ್ಲಿದೆ? ದಾರೀಲಿ ಅವಳು ಮಲಕ್ಕೊಳ್ಳೋಕೆ ಅಂತ ಹಿಂದೆ ಹಾಸಿಗೆ ಹಾಕ್ಸಿದೀನಿ."

ಅಷ್ಟು ಹೊತ್ತೂ ನಾವೆಲ್ಲ ಅಲ್ಲೇ ಪಕ್ಕದಲ್ಲಿದ್ದ ಅನ್ವಿತಾಳನ್ನು ಬಿಟ್ಟು ಮಾತಾಡುತ್ತಿದ್ದೆವು. ನಾನು ಅವಳ ಕಡೆ ತಿರುಗಿದೆ. "ಅನ್ವಿತಾ, ನೀನು ಹೇಗೆ ಹೋಗ್ಬೇಕು ಅಂದ್ಕೊಂಡಿದೀಯಮ್ಮ?"

ಅವಳು ತಂದೆಯ ಮುಖ ನೋಡಿದಳು. "ಆಂಟಿ, I don't want that bed. ಅಲ್ಲಿಂದ ಬರೀ ಸೀಲಿಂಗ್ ಕಾಣುತ್ತೆ."

"ಸುಸ್ತಾಗುತ್ತೆ ಪುಟ್ಟಾ," ಎಂದರು ಶ್ರೀನಾಥ್.

"ಆಗ್ಲಿ ಅಪ್ಪಾ. ಕುರ್ಚಿ ಹಿಂದಿನ ಟ್ರೇಲರಲ್ಲಿದ್ರೆ, ನಿಲ್ಲಿಸಿದಾಗೆಲ್ಲ you will carry me. ಟಾಯ್ಲೆಟ್‌ಗೂ. ಎಲ್ಲರೂ ನೋಡ್ತಾರೆ. ಇಯಾ ದಾ." ಬೇಡವೇ ಬೇಡ ಎಂಬುದನ್ನು ಅವಳು ಜಪಾನಿಯಲ್ಲೇ ಹೇಳಿದಳು. "ನನ್ನ legs ಅದು. ನನ್ನ ಪಕ್ಕದಲ್ಲಿರ್ಲಿ."

ವಸುಧಾ ಗಂಡನ ತೋಳು ಮುಟ್ಟಿ, "ರೀ, ನಾವು ಅವಳನ್ನ ಕೇಳ್ಲೇ ಇಲ್ಲ ಅಲ್ವಾ," ಎಂದರು. ಶ್ರೀನಾಥ್ ಎದ್ದು ಕಿಟಕಿಯ ಬಳಿ ಹೋಗಿ ಸ್ವಲ್ಪ ಹೊತ್ತು ಹೊರಗೆ ನೋಡುತ್ತ ನಿಂತರು. ತಿರುಗಿದಾಗ ಕಣ್ಣು ಒದ್ದೆಯಾಗಿತ್ತು. "ಹಾಸಿಗೆ ಬಿಚ್ಚೋಕೆ ಎಷ್ಟು ಹೊತ್ತು ಬೇಕಾಗುತ್ತೆ ಮೇಡಂ?" ಎಂದು ಕೇಳಿದರು.

ಆ ಹಾಸಿಗೆ ಶ್ರೀನಾಥರೇ ಬೋಲ್ಟ್ ಹಾಕಿಸಿ ಕೂರಿಸಿದ್ದ ಹೆಚ್ಚುವರಿ ಸಾಮಾನು. ವಾಹನದ ದಾಖಲೆಗೆ ಸೇರಿದ್ದಲ್ಲ. ತನಾಬೆ-ಸಾನ್ ಅದನ್ನು ಬಿಚ್ಚಿ, ಕುರ್ಚಿಯನ್ನು ನೆಲಕ್ಕೆ ಬಿಗಿಯುವ ಬೆಲ್ಟುಗಳನ್ನೂ ಹಿಂಬಾಗಿಲಿಗೆ ಮಡಚುವ ರ‍್ಯಾಂಪನ್ನೂ ಅಳವಡಿಸಿದರು. ಮಲಗುವ ಟ್ರೇಲರ್ 750 ಕೆ.ಜಿ.ಯೊಳಗೇ ಇದ್ದುದರಿಂದ ಎಳೆಯಲು ಪ್ರತ್ಯೇಕ ಲೈಸೆನ್ಸ್ ಬೇಕಿರಲಿಲ್ಲ. ಒಂದೇ ಟ್ರೇಲರ್ ಜೋಡಿಸಿ ಶ್ರೀನಾಥರಿಗೆ ಅಂಗಳದಲ್ಲಿ ಹಿಂದಕ್ಕೆ ತೆಗೆಯುವ ಅಭ್ಯಾಸ ಮಾಡಿಸಿದೆ. ಆ ಒಂದು ಟ್ರೇಲರೇ ಮೂರು ಸಲ ಅಡ್ಡ ತಿರುಗಿತು. ಬೆವರು ಒರೆಸಿಕೊಂಡ ಶ್ರೀನಾಥ್, "ಎರಡಿದ್ದಿದ್ರೆ ದೇವರೇ ಗತಿ," ಎಂದು ಮೊದಲ ಬಾರಿಗೆ ನಕ್ಕರು.

ತಿಂಗಳ ಕೊನೆಯಲ್ಲಿ ಅವರು ಹೊರಟರು. ಮರುದಿನ ಮಧ್ಯಾಹ್ನ ವಸುಧಾರ ಫೋನ್ ಬಂತು. ದಾರಿಯಲ್ಲಿ ಹಮಾನಾ ಸರೋವರದ ಬಳಿ ನಿಂತಿದ್ದರು. "ಒಬ್ಳೇ ಇಳಿದು ಹೋಗಿ ಐಸ್‌ಕ್ರೀಮ್ ತಗೊಂಡು ಬಂದ್ಳು ಅಕ್ಕಾ. ಇವರು ಹಿಂದೆ ಹೋಗೋಕೆ ಹೊರಟ್ರು, ನಾನೇ ಕೈ ಹಿಡಿದು ನಿಲ್ಲಿಸ್ದೆ." ಏಪ್ರಿಲ್‌ನಲ್ಲಿ ಅನ್ವಿತಾ ಹೊಸ ಶಾಲೆಗೆ ಸೇರಿದಳು.

ಎರಡು ಟ್ರೇಲರ್ ಎಳೆಯಬಹುದೇ ಎಂದು ಈಗಲೂ ಆಗೊಮ್ಮೆ ಈಗೊಮ್ಮೆ ಯಾರಾದರೂ ವಿಚಾರಿಸುತ್ತಾರೆ. ಉದ್ದ, ತೂಕ, ಬ್ರೇಕು, ಅನುಮತಿ ಎಲ್ಲವನ್ನೂ ವಿವರಿಸುತ್ತೇನೆ. ಆಗದಿದ್ದರೆ ಆಗದು ಎಂದೇ ಹೇಳುತ್ತೇನೆ. ಆದರೆ ಆ ಮಾರ್ಚ್‌ನಿಂದ ಈಚೆಗೆ, ಟೇಪು ಬಿಚ್ಚುವ ಮೊದಲು, ಪ್ರಯಾಣ ಯಾರಿಗಾಗಿ ಎಂದು ಕೇಳುತ್ತೇನೆ. ಅವರು ಕೋಣೆಯಲ್ಲೇ ಇದ್ದರೆ, ಅವರ ಎದುರಿಗೇ ಕುರ್ಚಿ ಎಳೆದುಕೊಂಡು ಕೂರುತ್ತೇನೆ.