ಅತ್ತೆಯೂ ನಾನೂ ನಡೆದು ಹೊರಟದ್ದು

ಮೊನ್ನೆ ಅಟ್ಟದ ಮೇಲಿಂದ ಹಳೆಯ ಬೆನ್ನುಚೀಲ ಇಳಿಸಿದೆ. ಜಿಪ್ಪು ಎಳೆದದ್ದೇ ತಡ, ನೀಲಗಿರಿ ಎಣ್ಣೆಯ ವಾಸನೆ ಗಮ್ಮೆಂದು ಮುಖಕ್ಕೆ ಬಡಿಯಿತು. ಆ ವಾಸನೆಗೆ ನಿಮಗೆ ನೆಗಡಿ ನೆನಪಾಗಬಹುದು, ಅಜ್ಜಿ ನೆನಪಾಗಬಹುದು. ನನಗೆ ಸಿಟ್ಟು ಬರುತ್ತದೆ. ಯಾಕೆಂದು ಹೇಳುತ್ತೇನೆ.

ಚೀಲ ಕೇಳಿದವಳು ರಕ್ಷಿತಾ. ಚಾಮರಾಜನಗರದ ನಮ್ಮ ಶಾಲೆಯಲ್ಲಿ ನನ್ನ ಕೈಯಲ್ಲೇ ಓದಿದವಳು, ಈಗ ನರ್ಸ್. ರಜೆ ಹಾಕಿ ಕಾರವಾರದಿಂದ ಮಂಗಳೂರಿನವರೆಗೆ ಸಮುದ್ರದ ಅಂಚು ಹಿಡಿದು ನಡೆಯುತ್ತಾಳಂತೆ, ಒಬ್ಬಳೇ. ಅವಳು ಚೀಲ ಕೇಳಿದ ಸಂಜೆಯೇ ಅವಳ ತಾಯಿ ಫೋನ್ ಮಾಡಿದರು. "ನೀವಾದ್ರೂ ಬುದ್ಧಿ ಯೇಳಿ ಮೇಡಮ್ನೋರೆ. ನಿಮ್ ಮಾತಾದ್ರೆ ಕೇಳ್ತಾಳೆ."

ಬುದ್ಧಿ ಹೇಳಲು ನನಗೆಲ್ಲಿಯ ಯೋಗ್ಯತೆ? ಕೆಲವು ವರ್ಷಗಳ ಹಿಂದೆ ಇದೇ ಚೀಲ ಬೆನ್ನಿಗೆ ಹಾಕಿಕೊಂಡು ನಮ್ಮೂರು ಉಡಿಗಾಲದಿಂದ ನಂಜನಗೂಡಿಗೆ ಗುಂಡ್ಲುಪೇಟೆಯ ಮೇಲೆ ಸುತ್ತು ಹಾಕಿ ನಡೆಯಲು ಹೊರಟವಳು ನಾನು. ನನ್ನ ಜೊತೆಗಿದ್ದದ್ದು ಅತ್ತೆ, ಅಂದರೆ ನನ್ನ ಗಂಡನ ತಾಯಿ. ಅತ್ತೆಯ ಜೊತೆ ಸಂತೆಗೆ ಹೋಗುವುದಕ್ಕೇ ಸೊಸೆಯರು ನೆಪ ಹುಡುಕುವ ಕಾಲದಲ್ಲಿ ನಾನು ಅವರೊಡನೆ ಮೂರು ದಿನದ ದಾರಿ ಹೊರಟಿದ್ದೆ. ಹರಕೆಯಲ್ಲ, ಪಾದಯಾತ್ರೆಯಲ್ಲ. ಕಾರಣ ಕೇಳಿದವರಿಗೆಲ್ಲ ಅತ್ತೆ ಹೇಳುತ್ತಿದ್ದದ್ದು ಒಂದೇ. "ಈ ರೋಡ್ನೆಲ್ಲ ಬಸ್ಸಿನ ಕಿಟಕೀಲಿ ನೋಡಿವ್ನಿ. ಒಂದ್ಸಲ ಇಳ್ದು ನೋಡ್ಬೇಕು."

ಊರಿಗೆ ಊರೇ ನಮ್ಮನ್ನು ಹೆದರಿಸಿತು. ಒಬ್ಬರು ಚಿರತೆ ಎಂದರು, ಒಬ್ಬರು ಆನೆ, ಇನ್ನೊಬ್ಬರು ಹಾವು. ಪಕ್ಕದ ಮನೆಯಾಕೆ ಖಾರದ ಪುಡಿಯ ಪೊಟ್ಟಣ ಕೊಟ್ಟರು. ಅದನ್ನು ಚಿರತೆಗೆ ಎರಚಬೇಕೋ ಉಪ್ಪಿಟ್ಟಿಗೆ ಹಾಕಿಕೊಳ್ಳಬೇಕೋ ಹೇಳಲಿಲ್ಲ. ನನ್ನ ಗಂಡ ಬೈಕಿನಲ್ಲಿ ನಿಧಾನವಾಗಿ ಹಿಂದೆ ಬರುತ್ತೇನೆಂದರು. "ಅಷ್ಟು ನಿಧಾನಕ್ಕೆ ಓಡ್ಸುದ್ರೆ ನೀನೇ ಬಿದ್ದೋಯ್ತೀಯ, ಮನೇಲಿರು ಕಂದ" ಎಂದು ಅತ್ತೆ ಸುಮ್ಮನಾಗಿಸಿದರು. ಅಂಜುಬುರುಕಿಯಾದ ನಾನು ಟಾರ್ಚು, ಸೀಟಿ, ಬ್ಯಾಂಡೇಜು ಎಲ್ಲ ತುಂಬಿಕೊಂಡೆ. ಅತ್ತೆ ತುಂಬಿಕೊಂಡದ್ದು ಒಂದು ಜಮಖಾನ, ಒಂದು ಸೀಸೆ ನೀಲಗಿರಿ ಎಣ್ಣೆ.

ಮೊದಲ ದಿನ ಸೊಗಸಾಗಿತ್ತು ಕಣ್ರೀ. ರಸ್ತೆಯ ಪಕ್ಕ ಅರಿಶಿನದ ಹೊಲ, ಚೆಂಡುಹೂವಿನ ಹೊಲ, ನಡುವೆ ನವಿಲು. ಅತ್ತೆ ಪ್ರತಿ ಹೊಲದ ಬದುವಿನಲ್ಲೂ ನಿಂತು ಬೆಳೆಯ ಯೋಗಕ್ಷೇಮ ವಿಚಾರಿಸಿದರು. ಚಿರತೆ ಬರಲಿಲ್ಲ. ಬಂದದ್ದು ಬೈಕಿನ ಮೇಲೆ ಇಬ್ಬರು ಹುಡುಗರು. ಮುಂದೆ ಹೋಗುವುದು, ತಿರುಗಿ ಬರುವುದು, ಫೋನು ಎತ್ತಿ ನಮ್ಮ ವಿಡಿಯೋ ತೆಗೆಯುವುದು. "ಆಂಟಿ, ಡ್ರಾಪ್ ಬೇಕಾ?" ಅತ್ತೆ ಊರುಗೋಲು ಎತ್ತಿದ ಮೇಲೆ ಹೋದರು. ನಗುತ್ತಲೇ ಹೋದರು. ಆ ನಗು ಸಂಜೆಯವರೆಗೂ ನನ್ನ ಬೆನ್ನ ಮೇಲೆ ಕೂತಿತ್ತು, ಚೀಲಕ್ಕಿಂತ ಭಾರವಾಗಿ.

ಹೊತ್ತು ಮುಳುಗುವಾಗ ಗುಂಡ್ಲುಪೇಟೆ ಸೇರಿದೆವು. ಹೆದ್ದಾರಿಯ ಮೇಲೊಂದು ಲಾಡ್ಜು. ಕೌಂಟರಿನಲ್ಲಿದ್ದವನು ನಮ್ಮ ಹಿಂದೆ ಇಣುಕಿ ನೋಡಿದ.

"ಜೊತೇಲಿ ಯಾರವ್ರೆ?"

"ನಾವಿಬ್ರೇ" ಎಂದೆ.

"ಫ್ಯಾಮಿಲಿಗೆ ಮಾತ್ರ ರೂಮು ಕೊಡದು."

"ನಾವು ಅತ್ತೆ ಸೊಸೆ ಕಣಪ್ಪ. ಇದ್ಕಿಂತ ಫ್ಯಾಮಿಲಿ ಇನ್ನೆಲ್ಲದೆ?" ಎಂದರು ಅತ್ತೆ.

"ಗಂಡಸ್ರು ಯಾರೂ ಇಲ್ವಲ್ಲಮ್ಮ. ಏನಾರ ಎಚ್ಚುಕಮ್ಮಿ ಆದ್ರೆ ಯಾರ್ ಜವಾಬ್ದಾರಿ?"

ಅಷ್ಟರಲ್ಲಿ ಮೂವರು ಗಂಡಸರು ಒಳಗೆ ಬಂದರು. ಬಾಗಿಲಿಗೆ ಬರುವ ಮುಂಚೆಯೇ ಕುಡಿತದ ವಾಸನೆ ಬಂತು. ಅವನು ಒಂದು ಮಾತೂ ಕೇಳದೆ ಬೀಗದ ಕೈ ಅವರತ್ತ ತಳ್ಳಿದ. ನನಗೆ ನಾಲಗೆ ಹೊರಳಲಿಲ್ಲ. ತರಗತಿಯಲ್ಲಿ ದಿನವಿಡೀ ಮಾತಾಡಿ ಸಂಬಳ ತೆಗೆದುಕೊಳ್ಳುವವಳು ನಾನು. ಅತ್ತೆಗೆ ಹೊರಳಿತು.

"ಇವ್ರ ಜೊತೇಲಿ ಎಂಗಸ್ರು ಯಾರೂ ಇಲ್ವಲ್ಲಪ್ಪ. ಇವ್ರಿಗೆ ಏನಾರ ಆದ್ರೆ ಯಾರ್ ಜವಾಬ್ದಾರಿ?"

ಅವನು ರಿಜಿಸ್ಟರು ಮುಚ್ಚಿ ಒಳಗೆ ಹೋದ. ಅತ್ತೆ ಹೊರಗೆ ಹೋಗಿ ಲಾಡ್ಜಿನ ಮೆಟ್ಟಿಲ ಮೇಲೆ ಜಮಖಾನ ಹಾಸಿದರು, ಕಾಲು ಚಾಚಿ ಕೂತು ಮಂಡಿಗೆ ಎಣ್ಣೆ ತಿಕ್ಕತೊಡಗಿದರು. ಯಾರು ಹತ್ತಲು ಬಂದರೂ ಒಂದೇ ಮಾತು. "ಎಂಗಸ್ರಿಗೆ ಒಳಗ್ ಜಾಗ ಇಲ್ವಂತೆ. ಅದ್ಕೆ ಇಲ್ಲೇ ಮಲಗ್ತೀವಿ. ಬದೀಲಿ ದಾಟ್ಕೊಂಡೋಗಿ." ಈರುಳ್ಳಿ ಮಂಡಿಯಿಂದ ಬರುತ್ತಿದ್ದವರು ನಿಂತರು. ಕೇರಳದ ಲಾರಿಯವರೂ ನಿಂತರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೂ ಹೋಗಿ ಅತ್ತೆಯ ಪಕ್ಕದಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ಮಾಲೀಕ ಓಡಿ ಬಂದ.

"ಒಳಕ್ ಬನ್ನಿ ತಾಯಿ, ಮರ್ಯಾದೆ ಪ್ರಶ್ನೆ."

"ಯಾರ್ ಮರ್ಯಾದೆ?" ಎಂದರು ಅತ್ತೆ, ಆರಾಮಾಗಿ ಜಮಖಾನ ಮಡಚುತ್ತ.

ಕತೆ ಇಲ್ಲಿಗೆ ನಿಲ್ಲಿಸಿದರೆ ನೀವು ಚಪ್ಪಾಳೆ ತಟ್ಟಬಹುದು. ನಮ್ಮ ಬಂಧುಬಳಗದಲ್ಲಿ ಎಲ್ಲರೂ ಇಲ್ಲಿಗೇ ನಿಲ್ಲಿಸಿ ನಗುತ್ತಾರೆ. ರೂಮಿನೊಳಗೆ ಏನಾಯಿತೆಂದು ಯಾರೂ ಕೇಳುವುದಿಲ್ಲ. ಬಾಗಿಲಿನ ಚಿಲಕ ಸಡಿಲವಾಗಿತ್ತು. ನೀರು ಕುಡಿಯಲು ಲೋಟ ಎತ್ತಿದ ಅತ್ತೆ ಕುಡಿಯದೆ ಕೆಳಗಿಟ್ಟು, ಆ ಚಿಲಕವನ್ನೇ ಮತ್ತೆರಡು ಸಲ ಎಳೆದು ನೋಡಿದರು.

"ಆ ಮೂವರೂ ನಮ್ ರೂಮ್ ಯಾವ್ದು ಅಂತ ನೋಡ್ಕೊಂಡವ್ರೆ ಕಣಮ್ಮಿ. ಎದ್ರಿಕೆ ಆಯ್ತದೆ."

ಇಬ್ಬರೂ ಸೇರಿ ಮಂಚವನ್ನು ಬಾಗಿಲಿಗೆ ಒತ್ತರಿಸಿದೆವು. ಖಾರದ ಪುಡಿಯ ಪೊಟ್ಟಣ ಆಗ ಚೀಲದಿಂದ ಹೊರಗೆ ಬಂತು. ಯಾರೂ ಬಾಗಿಲು ತಟ್ಟಲಿಲ್ಲ, ನಿಜ. ಆದರೆ ನಾವು ನಿದ್ದೆಯನ್ನೂ ಮಾಡಲಿಲ್ಲ.

ಮರುದಿನ ಉರಿಯುವ ಕಣ್ಣಲ್ಲೇ ಹೊರಟೆವು. ಬೇಗೂರು ಹತ್ತಿರ ಬರುವಾಗ ಒಂದು ಬಸ್ಸು ಲಾರಿಯನ್ನು ಹಿಂದೆ ಹಾಕುವ ಆತುರದಲ್ಲಿ ನಮ್ಮ ಮೈಮೇಲೆಯೇ ಬಂತು. ಹಳ್ಳಕ್ಕೆ ಹಾರಿದೆವು. ಅತ್ತೆಯ ಪಾದ ಉಳುಕಿತು. ಅಲ್ಲಿಂದ ಹತ್ತಿದ್ದು ಮನೆಯ ಕಡೆಯ ಬಸ್ಸು.

ಮನೆಗೆ ಬಂದರೆ ಎಲ್ಲರ ಮುಖದಲ್ಲೂ ಗೆದ್ದ ಕಳೆ. "ನಾನ್ ಮೊದಲೇ ಹೇಳಿರಲಿಲ್ವಾ?" ಏನು ಹೇಳಿದ್ದಿರಿ ಸ್ವಾಮಿ? ಚಿರತೆ ಎಂದಿರಿ. ಆನೆ ಎಂದಿರಿ. ಕಾಡಿನ ಪ್ರಾಣಿಗಳ ಹೆಸರೆಲ್ಲ ಹೇಳಿದ ನೀವು ಬೈಕಿನ ಹುಡುಗರ ಹೆಸರು ಹೇಳಲಿಲ್ಲ, ಸಡಿಲ ಚಿಲಕದ ಮಾತೆತ್ತಲಿಲ್ಲ, ಕಾಲುದಾರಿ ಬಿಡದೆ ಅಗಲ ಮಾಡಿದ ರಸ್ತೆಯ ಬಗ್ಗೆ ತುಟಿ ಬಿಚ್ಚಲಿಲ್ಲ. ಚಿರತೆಯನ್ನು ಯಾರಿಂದಲೂ ತಿದ್ದಲಾಗುವುದಿಲ್ಲ. ಇವನ್ನೆಲ್ಲ ತಿದ್ದಬಹುದಿತ್ತು. ಆದರೆ ಸುಲಭ ಯಾವುದು? ಹೆಂಗಸರನ್ನು ಮನೆಯಲ್ಲಿ ಕೂರಿಸುವುದು. ಆ ದಿನ ಬಂದ ಸಿಟ್ಟು ಇನ್ನೂ ಆರಿಲ್ಲ, ಆರುವುದೂ ಬೇಡ.

ರಕ್ಷಿತಾಗೆ ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿಕೊಟ್ಟೆ. ಎದುರಿಗೆ ಬರುವ ಗಾಡಿ ಕಾಣುವ ಹಾಗೆ ರಸ್ತೆಯ ಬಲಗಡೆ ನಡೆ, ಮಧ್ಯಾಹ್ನ ನೆರಳು ಬಿಡಬೇಡ, ಕತ್ತಲಾಗುವ ಮುಂಚೆ ತಂಗುವ ಜಾಗ ಗೊತ್ತಿರಲಿ. ಹೋಗಬೇಡ ಎಂದು ಮಾತ್ರ ನಾನು ಹೇಳಲಿಲ್ಲ.

ಇಂದು ಬೆಳಿಗ್ಗೆ ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಅವಳನ್ನು ಮೈಸೂರು ಬಸ್ಸಿಗೆ ಹತ್ತಿಸಿ ಅವಳ ತಾಯಿಯೂ ನಾನೂ ನಿಂತಿದ್ದೆವು. ಬಸ್ಸು ತಿರುವಿನಲ್ಲಿ ಮರೆಯಾದದ್ದೇ ಆಕೆ ನನ್ನತ್ತ ತಿರುಗಿದರು. ಕಣ್ಣು ಕೆಂಪಾಗಿತ್ತು.

"ನನ್ ಮಗೀಗೆ ಏನಾರ ಆದ್ರೆ ನಿಮ್ಮನ್ನೇ ಕೇಳದು ಮೇಡಮ್ನೋರೆ."

"ಕೇಳಿ. ಆದರೆ ಮಾಡಿದವನನ್ನ ಮೊದಲು ಕೇಳೋಣ. ಮಗಳು ಯಾಕೆ ಹೋದಳು ಅಂತ ಯಾರಾದರೂ ಬಾಯಿ ತೆಗೆದರೆ ಅವರನ್ನೂ ಕೇಳೋಣ. ನಾನೂ ಬರ್ತೀನಿ."

 ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಕಲ್ಲುಬೆಂಚಿನ ಮೇಲೆ ಕೂತು, ಪಕ್ಕಕ್ಕೆ ಸರಿದು ನನಗೂ ಜಾಗ ಮಾಡಿದರು.

"ಅಂಗಾರೆ ಕೂತ್ಕಳಿ. ಮೈಸೂರು ತಲುಪಿ ಫೋನ್ ಮಾಡೋಗಂಟ ನಂಗೂ ಮನೇಲಿ ಕಾಲು ನಿಲ್ಲಕಿಲ್ಲ."